ಹ್ಯಾಮ್ ಲೈಸೆನ್ಸ್ ಇದ್ದರೆ ಸ್ಟಾಲ್‌ಗೆ ನೆಟ್ ತರಬಹುದೇ?

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಚಳಿಗಾಲ ಬಂತೆಂದರೆ ನಮ್ಮ ಕಡೆ ಪ್ರದರ್ಶನಗಳ ಸುಗ್ಗಿ. ಈ ಸಲದ ಪತ್ರಗಳೂ ಮೈದಾನ, ಮಂಟಪ, ನೆಟ್‌ವರ್ಕ್ ಸುತ್ತಲೇ ತಿರುಗುತ್ತಿವೆ. ಉದ್ಯಮಬಾಗದವರ ಪತ್ರಕ್ಕೆ ಹೆಚ್ಚು ಜಾಗ ಹೋಗಿದೆ, ಉಳಿದವರು ಬೇಸರ ಮಾಡಿಕೊಳ್ಳಬಾರದು.

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ನಮ್ಮದು ಉದ್ಯಮಬಾಗದಾಗ ಹೈಡ್ರಾಲಿಕ್ ವಾಲ್ವ್ ಮಾಡೋ ಸಣ್ಣ ವರ್ಕ್‌ಶಾಪ್ ಐತಿ. ಮುಂದಿನ ತಿಂಗಳ ಸಿಪಿಎಡ್ ಮೈದಾನದಾಗ ಮಶಿನರಿ ಪ್ರದರ್ಶನಕ್ಕ ಸ್ಟಾಲ್ ಹಿಡದೇವಿ. ಹೋದ ವರ್ಷ ಮಧ್ಯಾಹ್ನ ಆಗೂದರಾಗ ನೆಟ್ ಪೂರ್ತಿ ಸತ್ತ ಹೋಗಿತ್ತು. ಕೊಲ್ಹಾಪುರದ ಗಿರಾಕಿ ಮುಂದ ನಿಂತಾಗ ಡ್ರಾಯಿಂಗ್ ತೆರೀಲಿಲ್ಲ, ಕ್ಯಾಮೆರಾದಾಗ ನಮ್ಮ ಟೆಸ್ಟ್ ಬೆಂಚ್ ತೋರಸೂದು ಆಗಲಿಲ್ಲ, ಅಡ್ವಾನ್ಸ್ ಹಾಕಾಕ ಯುಪಿಐನೂ ಹೋಗಲಿಲ್ಲ. ನನ್ನ ತಂಗಿ ಮಗ ಡಿಪ್ಲೊಮಾ ಕಡೇ ವರ್ಷದಾಗ ಅದಾನ. ಅಂವಗ ಹ್ಯಾಮ್ ರೇಡಿಯೊ ಲೈಸೆನ್ಸ್ ಐತಿ, ವಿಯು3 ಅಂತ ಶುರು ಆಗೋದು. "ಮಾಮಾ, ಶಾಪಿನ ಫೈಬರ್ ನೆಟ್ ರೇಡಿಯೊ ಮ್ಯಾಲೆ ಸ್ಟಾಲ್ ಮಟಾ ತರತೇನಿ, ತಿಂಗಳ ಬಿಲ್ ಇಲ್ಲ ಏನಿಲ್ಲ" ಅಂತಾನ. ಶಾಪಿನಿಂದ ಮೈದಾನ ಸುಮಾರು ಐದು ಕಿಲೋಮೀಟರ್ ಆಗತೈತಿ. ಇದು ಆಗೂ ಮಾತೇನ್ರಿ? ಆಗೂದಾದ್ರ ಏನೇನ ಸಾಮಾನ ಬೇಕು?
— ವರ್ಕ್‌ಶಾಪ್ ಮಾಲೀಕರು, ಉದ್ಯಮಬಾಗ, ಬೆಳಗಾವಿ

ಉತ್ತರ: ಅಳಿಯನ ಲೈಸೆನ್ಸ್ ಮೇಲೆ ತರುವಂತಿಲ್ಲ. ತಂದರೆ ಸಿಕ್ಕಿಬೀಳುವವನು ಅವನೇ, ನೀವಲ್ಲ. ಆದರೆ ನಿಮ್ಮ ಕೆಲಸ ಲೈಸೆನ್ಸೇ ಬೇಡದ ಬೇರೆ ದಾರಿಯಲ್ಲಿ ಆಗುತ್ತದೆ. ಮೊದಲು ಯಾಕೆ ಬೇಡ ಎಂಬುದನ್ನು ಹೇಳಿ ಮುಗಿಸುತ್ತೇನೆ.

ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮಾವಳಿಯಲ್ಲೇ ಅದರ ವ್ಯಾಖ್ಯೆ ಇದೆ. ತಾನು ಕಲಿಯುವುದಕ್ಕೆ, ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡುವುದಕ್ಕೆ, ತಾಂತ್ರಿಕ ಪ್ರಯೋಗಕ್ಕೆ ಇರುವ ಸೇವೆ ಅದು; ಹಣದ ಲಾಭ ಅದರೊಳಗೆ ಬರಕೂಡದು. ನಮ್ಮ ದೇಶದ ಹವ್ಯಾಸಿ ಸೇವೆಯ ನಿಯಮಗಳು 1978ರವು, ಅವೂ ಇದೇ ಜಾಡಿನಲ್ಲಿವೆ. ಗಿರಾಕಿಗೆ ವಾಲ್ವಿನ ಡ್ರಾಯಿಂಗ್ ತೋರಿಸುವುದು ಶುದ್ಧ ವ್ಯಾಪಾರ. ಅಡ್ವಾನ್ಸ್ ಹಾಕಿಸಿಕೊಳ್ಳುವುದರ ಬಗ್ಗೆ ಹೇಳುವುದೇ ಬೇಡ.

ಎರಡನೆಯ ತಡೆ ಇದಕ್ಕಿಂತ ಗಟ್ಟಿ. ಹ್ಯಾಮ್ ಅಲೆಯ ಮೇಲೆ ಹೋಗುವ ಮಾತು ಯಾರು ಕಿವಿಗೊಟ್ಟರೂ ತಿಳಿಯುವಂತಿರಬೇಕು, ಅರ್ಥ ಮುಚ್ಚಿಡುವ ಗುಪ್ತಲಿಪಿ ನಿಷಿದ್ಧ. ಈಗಿನ ಇಂಟರ್‌ನೆಟ್ ನಡೆಯುವುದೇ ಗುಪ್ತಲಿಪಿಯ ಮೇಲೆ. ಮೇಲ್, ವಾಟ್ಸ್ಆ್ಯಪ್, ಯುಪಿಐ, ನಿಮ್ಮ ಶಾಪಿನ ಕ್ಯಾಮೆರಾ, ಎಲ್ಲವೂ ಒಳಗೆ ಬೀಗ ಹಾಕಿಕೊಂಡೇ ಹೊರಡುತ್ತವೆ. ಬ್ಯಾಂಕಿನವರು ಬೀಗ ತೆಗೆಯಲು ಒಪ್ಪುವುದಿಲ್ಲ, ಹ್ಯಾಮ್ ನಿಯಮ ಬೀಗ ಹಾಕಲು ಬಿಡುವುದಿಲ್ಲ. ನಿಮ್ಮ ಅಳಿಯ ಎಷ್ಟೇ ಜಾಣನಾದರೂ ಈ ಎರಡರ ನಡುವೆ ಅವನಿಗೆ ದಾರಿ ಸಿಗದು.

ಹುಡುಗನಿಗೆ ಈ ಹುಚ್ಚು ಎಲ್ಲಿಂದ ಬಂತೆಂದು ಊಹಿಸಬಲ್ಲೆ. ಅಮೆರಿಕದ ವಿಡಿಯೊ ನೋಡಿರುತ್ತಾನೆ. ಅಲ್ಲಿ ಹ್ಯಾಮ್‌ಗಳಿಗೆ 2390ರಿಂದ 2450 ಮೆಗಾಹರ್ಟ್ಸ್ ವರೆಗೆ ಜಾಗ ಇದೆ. ವೈಫೈಯ ಮೊದಲ ಆರು ಚಾನೆಲ್‌ಗಳು ಅದರೊಳಗೇ ಬೀಳುತ್ತವೆ. ಹೀಗಾಗಿ ಅಲ್ಲಿನ ಹವ್ಯಾಸಿಗಳು ಅಂಗಡಿಯಲ್ಲಿ ಸಿಗುವ ವೈಫೈ ರೂಟರ್ ತಂದು, ಅದರ ತಂತ್ರಾಂಶ ಬದಲಿಸಿ, ದೊಡ್ಡ ಆಂಟೆನಾ ಹಚ್ಚಿ, ಬೆಟ್ಟದಿಂದ ಬೆಟ್ಟಕ್ಕೆ ಜಾಲ ಹೆಣೆಯುತ್ತಾರೆ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೂಟರ್ ಈ ಕೆಲಸಕ್ಕೆ ಹೆಸರುವಾಸಿಯಾಗಿತ್ತು, ಯಾಕೆಂದರೆ ಅದರೊಳಗೆ ಓಡುತ್ತಿದ್ದದ್ದು ಲಿನಕ್ಸ್. ಈಗ ಅಂಥ ಜಾಲಗಳಿಗೆ ಎಆರ್‌ಇಡಿಎನ್ ಎಂಬ ತಂತ್ರಾಂಶ ಬಳಸುತ್ತಾರೆ. ನೆರೆ ಬಂದಾಗ, ಕಾಡ್ಗಿಚ್ಚು ಹಬ್ಬಿದಾಗ ಊರಿನ ನೆಟ್ ಬಿದ್ದರೂ ಈ ಜಾಲ ನಿಲ್ಲಬೇಕೆಂಬುದು ಉದ್ದೇಶ. ಅಲ್ಲಿಯೂ ಅದರ ಮೇಲೆ ವ್ಯಾಪಾರ ಮಾಡುವಂತಿಲ್ಲ, ಗುಪ್ತಲಿಪಿ ಹಾಕುವಂತಿಲ್ಲ. ವಿಡಿಯೊ ಮಾಡುವವರು ಈ ಮಾತನ್ನು ಕೊನೆಯಲ್ಲಿ ಹೇಳುತ್ತಾರೆ, ಆ ಹೊತ್ತಿಗೆ ನೋಡುವವರು ಮುಂದಿನ ವಿಡಿಯೊಗೆ ಹೋಗಿರುತ್ತಾರೆ.

ನಿಯಮ ಬದಿಗಿಡಿ. ನಿಮ್ಮ ಅಳಿಯನ ಕೈಯಲ್ಲಿರುವ ಸೆಟ್ ಬಹುಶಃ 144–146 ಮೆಗಾಹರ್ಟ್ಸ್‌ನದು. ಅದರ ಮೇಲೆ ಕಂಪ್ಯೂಟರ್ ಮಾತಾಡಿಸುವ ಪದ್ಧತಿಗೆ ಪ್ಯಾಕೆಟ್ ರೇಡಿಯೊ ಎನ್ನುತ್ತೇವೆ. ಅದಕ್ಕೆ ದೊಡ್ಡ ಚರಿತ್ರೆಯೇ ಇದೆ. 1978ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹವ್ಯಾಸಿಗಳು ಶುರು ಮಾಡಿದರು. ಆಮೇಲೆ ಎಎಕ್ಸ್.25 ಎಂಬ ಕಟ್ಟಳೆ ಬಂತು, ಅದರ ಮೇಲೆ ಫಿಲ್ ಕಾರ್ನ್ ಎಂಬ ಹ್ಯಾಮ್ ಇಂಟರ್‌ನೆಟ್ ಓಡಿಸುವ ತಂತ್ರಾಂಶ ಬರೆದರು. ಜನರ ಮನೆಗೆ ಇಂಟರ್‌ನೆಟ್ ಬರುವ ಮುಂಚೆಯೇ, 1981ರಲ್ಲಿ, ಹವ್ಯಾಸಿಗಳಿಗೆಂದು 44ರಿಂದ ಶುರುವಾಗುವ ಒಂದೂವರೆ ಕೋಟಿಗೂ ಹೆಚ್ಚು ಇಂಟರ್‌ನೆಟ್ ವಿಳಾಸಗಳನ್ನು ತೆಗೆದಿಟ್ಟಿದ್ದರು. ಅದರಲ್ಲಿ ಕಾಲು ಪಾಲನ್ನು 2019ರಲ್ಲಿ ಅಮೆಜಾನ್ ಕೊಂಡಿತು. ಅಲೆಯ ಮೇಲೆ ಒಂದು ರೂಪಾಯಿಯ ವ್ಯವಹಾರ ಮಾಡಬಾರದ ಮಂದಿಯ ವಿಳಾಸಗಳು ಮಾರಾಟವಾದದ್ದು ನೋಡಿ ನನಗೆ ನಗು ಬಂದಿತ್ತು. ದುಡ್ಡು ಮಾತ್ರ ಯಾರ ಜೇಬಿಗೂ ಹೋಗಲಿಲ್ಲ, ಹವ್ಯಾಸಿ ಡಿಜಿಟಲ್ ಸಂಪರ್ಕಕ್ಕೆ ಅನುದಾನ ಕೊಡುವ ಸಂಸ್ಥೆಗೆ ಸೇರಿತು.

ಆದರೆ ವೇಗ ನೋಡಿ. 144 ಮೆಗಾಹರ್ಟ್ಸ್‌ನಲ್ಲಿ ಸಾಮಾನ್ಯ ಪ್ಯಾಕೆಟ್ ಓಡುವುದು ಸೆಕೆಂಡಿಗೆ 1200 ಬಿಟ್. ನಿಮ್ಮ ಡ್ರಾಯಿಂಗ್ ಒಂದು ಮೆಗಾಬೈಟ್ ಇದೆ ಎಂದುಕೊಳ್ಳಿ, ಅಂದರೆ 80 ಲಕ್ಷ ಬಿಟ್. ಒಂದು ಬಿಟ್ಟೂ ತಪ್ಪದೆ, ನಡುವೆ ಎಲ್ಲೂ ನಿಲ್ಲದೆ ಹೋದರೂ ಒಂದು ತಾಸು ಐವತ್ತೊಂದು ನಿಮಿಷ ಬೇಕು. ನಿಜದಲ್ಲಿ ಅದರ ಎರಡು ಪಟ್ಟು ಹಿಡಿಯಿರಿ, ಯಾಕೆಂದರೆ ಒಂದು ಸೆಟ್ ಮಾತಾಡುವಾಗ ಇನ್ನೊಂದು ಸುಮ್ಮನಿರಬೇಕು, ಪ್ರತಿ ತುಣುಕಿಗೂ 'ಸಿಕ್ಕಿತು' ಎಂಬ ಮರುಮಾತು ಬರಬೇಕು. 9600 ಬಿಟ್‌ನ ಸೆಟ್ ಇದ್ದರೂ ಕಾಲು ತಾಸು. ಕೊಲ್ಹಾಪುರದ ಗಿರಾಕಿ ಅಷ್ಟು ಹೊತ್ತು ಚಹಾ ಕುಡಿಯುತ್ತ ಕೂಡುವವನಲ್ಲ. 1200 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಅಂದರೆ ಬ್ಯಾಂಡಿನಲ್ಲಿ, ಸೆಕೆಂಡಿಗೆ 128 ಕಿಲೋಬಿಟ್ ಕೊಡುವ ಐಕಾಮ್ ಕಂಪನಿಯ ಹ್ಯಾಮ್ ಸೆಟ್ ಒಂದಿತ್ತು. ಅದರಲ್ಲೂ ನಿಮ್ಮ ಟೆಸ್ಟ್ ಬೆಂಚಿನ ವಿಡಿಯೊ ನೋಡುವ ಹಾಗೆ ಬರಲಿಕ್ಕಿಲ್ಲ.

ಇನ್ನು ನಿಮ್ಮ ಕೆಲಸ ಆಗುವ ದಾರಿ. ವೈಫೈ ಓಡುವ ಅಲೆಗಳಿಗೆ ಲೈಸೆನ್ಸ್ ಬೇಡ, ವ್ಯಾಪಾರಕ್ಕೂ ಬಳಸಬಹುದು, ಬೀಗವನ್ನೂ ಹಾಕಬಹುದು. 2400ರಿಂದ 2483.5 ಮೆಗಾಹರ್ಟ್ಸ್ ವರೆಗಿನ ಪಟ್ಟಿಯನ್ನು ನಮ್ಮ ಸರಕಾರ 2005ರಲ್ಲೇ ಮುಕ್ತ ಮಾಡಿದೆ, ಆಂಟೆನಾದಿಂದ ಹೊರಡುವ ಶಕ್ತಿ 4 ವಾಟ್ ಮೀರಬಾರದು ಎಂಬ ಷರತ್ತಿನ ಮೇಲೆ. 5 ಗಿಗಾಹರ್ಟ್ಸ್ ಪಟ್ಟಿಯನ್ನು ಮುಂಚೆ ಬಹುಪಾಲು ನಾಲ್ಕು ಗೋಡೆಯೊಳಗೆ ಮಾತ್ರ ಬಿಟ್ಟಿದ್ದರು, 2018ರಲ್ಲಿ ಬಯಲಿಗೂ ಬಿಟ್ಟರು. ನಿಮಗೆ ಬೇಕಾದದ್ದು ಇದೇ. ಮನೆಮನೆಗೆ ವೈರ್‌ಲೆಸ್ ನೆಟ್ ಕೊಡುವವರು ತಾರಸಿಯ ಮೇಲೆ ಚಿಕ್ಕ ತಟ್ಟೆಯಂಥದನ್ನು ಕೂಡಿಸಿರುತ್ತಾರಲ್ಲ, ಅಂಥವೇ ಎರಡು ಬೇಕು. ಕೊಳ್ಳುವಾಗ ಭಾರತದ ಒಪ್ಪಿಗೆ ಪಡೆದ ಮಾದರಿಯೇ ಎಂದು ಕೇಳಿ. ಸೆಟ್ಟಿಂಗ್‌ನಲ್ಲಿ ದೇಶ ಎಂಬಲ್ಲಿ ಭಾರತವನ್ನೇ ಆರಿಸಿ, ಆಗ ಶಕ್ತಿಯ ಮಿತಿಯನ್ನು ಅದೇ ನೋಡಿಕೊಳ್ಳುತ್ತದೆ. ಕೆಲವರು ಜಾಣತನಕ್ಕೆ ಬೇರೆ ದೇಶ ಹಾಕಿ ಶಕ್ತಿ ಏರಿಸುತ್ತಾರೆ, ಅದು ಬೇಡ.

ಉದ್ಯಮಬಾಗದಿಂದಲೇ ಎಳೆಯುವ ಆಸೆ ಮಾತ್ರ ಬಿಡಿ. ಐದು ಕಿಲೋಮೀಟರ್ ಈ ತಟ್ಟೆಗಳಿಗೆ ದೊಡ್ಡ ದೂರವೇನಲ್ಲ, ತೊಂದರೆ ಇರುವುದು ನಡುವಿನ ದಾರಿಯಲ್ಲಿ. ಒಂದು ತುದಿ ಇನ್ನೊಂದಕ್ಕೆ ಕಂಡರೆ ಸಾಲದು, ಕಾಣುವ ಗೆರೆಯ ಸುತ್ತಲೂ ಬಯಲಿರಬೇಕು. ಅಲೆ ಸೂಜಿಯಂತೆ ಹೋಗದೆ ನಡುವೆ ಉಬ್ಬಿಕೊಂಡು ಹೋಗುತ್ತದೆ. ಐದು ಕಿಲೋಮೀಟರ್ ದಾರಿಗೆ, 5.8 ಗಿಗಾಹರ್ಟ್ಸ್‌ನಲ್ಲಿ, ನಟ್ಟನಡುವೆ ಆ ಉಬ್ಬು ಗೆರೆಯಿಂದ ಎಲ್ಲ ಕಡೆಗೂ ಎಂಟು ಮೀಟರ್ ಆಗುತ್ತದೆ. ಅದರಲ್ಲಿ ಕೊನೆಪಕ್ಷ ಐದು ಮೀಟರ್ ಖಾಲಿ ಬೇಕು. ಖಾನಾಪುರ ರಸ್ತೆ, ಟಿಳಕವಾಡಿ, ಕ್ಯಾಂಪ್, ಎಲ್ಲೆಲ್ಲೂ ಮರ. ಎಲೆಯಲ್ಲಿ ನೀರಿರುತ್ತದೆ, ನೀರು ಈ ಅಲೆಯನ್ನು ನುಂಗುತ್ತದೆ. ಇಷ್ಟೆಲ್ಲ ದಾಟಿಸಲು ಎರಡೂ ತುದಿಗೆ ಎತ್ತರದ ಕಂಬ ನಿಲ್ಲಿಸಬೇಕು. ಕೆಲವೇ ದಿನದ ಪ್ರದರ್ಶನಕ್ಕೆ ಅದು ಲೆಕ್ಕಕ್ಕೆ ಕೂಡದು.

ಮೈದಾನ ಕಾಣುವ ತಾರಸಿ ಯಾರದಿದೆ ನೋಡಿ. ಕ್ಲಬ್ ರಸ್ತೆಯ ಆಸುಪಾಸಿನಲ್ಲಿ ನಿಮ್ಮ ಬೀಗರೋ, ಸಿಎ ಆಫೀಸೋ, ಪರಿಚಯದ ಅಂಗಡಿಯೋ ಇದ್ದೇ ಇರುತ್ತದೆ. ಅಲ್ಲಿ ನಿಮ್ಮ ಹೆಸರಿನಲ್ಲೇ ಒಂದು ತಿಂಗಳಿಗೆ ಫೈಬರ್ ಹಾಕಿಸಿ. ಅರ್ಧ ಕಿಲೋಮೀಟರ್ ದಾರಿಗೆ ಆ ಉಬ್ಬು ಎರಡೂವರೆ ಮೀಟರ್ ಮಾತ್ರ. ಸಂಪರ್ಕ ನಿಮ್ಮದು, ಸ್ಟಾಲ್ ನಿಮ್ಮದು, ಅಲ್ಲಿಗೆ ನಿಲ್ಲಿಸಿ. ಪಕ್ಕದ ಸ್ಟಾಲಿನವರಿಗೆ ದುಡ್ಡಿಗೆ ಹಂಚಲು ಹೊರಟರೆ ನೀವು ಇಂಟರ್‌ನೆಟ್ ಮಾರುವವರಾಗುತ್ತೀರಿ, ಅದಕ್ಕೆ ಬೇರೆಯೇ ಲೈಸೆನ್ಸ್ ಇದೆ.

ತಟ್ಟೆಗಳ ಮುಖ ಕೂಡಿಸುವ ಕೆಲಸವನ್ನು ಅಳಿಯನಿಗೆ ಬಿಡಿ, ಹ್ಯಾಮ್‌ನವನಿಗೆ ಅದು ಚೆನ್ನಾಗಿ ಬರುತ್ತದೆ. ಒಬ್ಬ ತಾರಸಿಯ ಮೇಲೆ, ಇನ್ನೊಬ್ಬ ಸ್ಟಾಲಿನಲ್ಲಿ, ಇಬ್ಬರ ನಡುವೆ ಫೋನ್. ಬೋಲ್ಟ್ ಅರ್ಧ ಬಿಗಿ ಮಾಡಿ, ಕೂದಲೆಳೆಯಷ್ಟು ತಿರುಗಿಸಿ, ಕೈ ಬಿಟ್ಟು, ಪರದೆಯ ಮೇಲಿನ ಸಿಗ್ನಲ್ ಅಂಕಿ ನಿಲ್ಲುವ ತನಕ ಕಾಯಬೇಕು. ಅಂಕಿ ಮೈನಸ್‌ನಲ್ಲಿರುತ್ತದೆ, ಸೊನ್ನೆಯ ಹತ್ತಿರ ಬಂದಷ್ಟೂ ಒಳ್ಳೆಯದು. ಇಲ್ಲೊಂದು ಮೋಸ ಇದೆ. ತಟ್ಟೆಯ ನೇರ ಕಿರಣದ ಅಕ್ಕಪಕ್ಕ ಸಣ್ಣ ಕಿರಣಗಳೂ ಇರುತ್ತವೆ. ಮೈನಸ್ 75 ಇದ್ದದ್ದು ಮೈನಸ್ 70ಕ್ಕೆ ಬಂತು, ಆಚೆ ಈಚೆ ತಿರುಗಿಸಿದರೆ ಮತ್ತೆ ಕೆಟ್ಟಿತು, ಹಾಗಾದರೆ ಇದೇ ಸರಿ ಎಂದು ಬಿಗಿ ಮಾಡಿ ಇಳಿದುಬಿಡುತ್ತಾರೆ. ಅದು ಪಕ್ಕದ ಕಿರಣ. ಇನ್ನೂ ಧೈರ್ಯವಾಗಿ ತಿರುಗಿಸಿದ್ದರೆ ಮೈನಸ್ 50ರ ಸುತ್ತ ನೇರ ಕಿರಣ ಸಿಗುತ್ತಿತ್ತು. ಹಾಗಾಗಿ ಮೊದಲು ಒಂದು ಸಲ ಪೂರ್ತಿ ಅಗಲಕ್ಕೆ ತಿರುಗಿಸಿ ನೋಡಿ, ಆಮೇಲೆ ಒಳ್ಳೆಯ ಕಡೆ ನಿಲ್ಲಿಸಿ.

ಸ್ಟಾಲಿನ ತುದಿಯ ತಟ್ಟೆಯನ್ನು ಮಂಟಪದ ಬಿದಿರಿಗೆ ಕಟ್ಟಬೇಡಿ. ಗಾಳಿಗೆ ಬಟ್ಟೆ ಉಬ್ಬಿದಾಗ ಬಿದಿರು ಓಲಾಡುತ್ತದೆ, ಓಲಾಡಿದಾಗಲೆಲ್ಲ ನೆಟ್ ಹೋಗಿ ಬರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಒಂದೂವರೆ ಇಂಚಿನ ಜಿಐ ಪೈಪನ್ನು ಬೇರೆಯಾಗಿ ನಿಲ್ಲಿಸಿ ಮೂರು ಕಡೆ ತಂತಿಯಿಂದ ಎಳೆದು ಕಟ್ಟಿ. ನಿಮ್ಮ ವರ್ಕ್‌ಶಾಪಿನಲ್ಲಿ ಪೈಪಿಗೇನು ಬರ? ತಟ್ಟೆಗೆ ಕರೆಂಟ್ ನೆಟ್‌ವರ್ಕ್ ಕೇಬಲಿನಲ್ಲೇ ಹೋಗುತ್ತದೆ, ಅದರ ಪುಟ್ಟ ಅಡಾಪ್ಟರ್ ಸ್ಟಾಲಿನೊಳಗೆ ಇರುತ್ತದೆ. ಅದಕ್ಕೊಂದು ಚಿಕ್ಕ ಯುಪಿಎಸ್ ಕೊಡಿ. ಮೈದಾನದ ಕರೆಂಟ್ ಹೋಗಿ ಜನರೇಟರ್ ಹತ್ತುವ ಆ ಅರ್ಧ ನಿಮಿಷದಲ್ಲಿ ರೂಟರ್ ಆರಿದರೆ ಮತ್ತೆ ಎದ್ದು ಕೂಡಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ, ಗಿರಾಕಿ ಹೋಗುವುದು ಆಗಲೇ.

ನೆಟ್ ಸ್ಟಾಲಿನವರೆಗೆ ಬಂದ ಮೇಲೆ ಅದನ್ನು ಮತ್ತೆ ಗಾಳಿಗೆ ಬಿಡಬೇಡಿ, ಲ್ಯಾಪ್‌ಟಾಪಿಗೆ ತಂತಿಯಲ್ಲೇ ಕೊಡಿ. ಪ್ರದರ್ಶನದಲ್ಲಿ ಎಲ್ಲ ಸ್ಟಾಲಿನವರೂ ತಮ್ಮತಮ್ಮ ರೂಟರ್, ತಮ್ಮತಮ್ಮ ಹಾಟ್‌ಸ್ಪಾಟ್ ಹಚ್ಚಿರುತ್ತಾರೆ. 2.4 ಗಿಗಾಹರ್ಟ್ಸ್‌ನಲ್ಲಿ ಹೇಳಲಿಕ್ಕೆ ಹದಿಮೂರು ಚಾನೆಲ್ ಇವೆ, ಒಂದಕ್ಕೊಂದು ತಾಗದಂತೆ ಬಳಸಲು ಬರುವುದು 1, 6, 11, ಮೂರೇ. ಇಂಥ ಮೈದಾನದಲ್ಲಿ ಫೋನಿನ ವೈಫೈ ಪಟ್ಟಿ ತೆರೆದು ನೋಡಿ, ಬೆರಳು ನೋಯುವ ತನಕ ಹೆಸರುಗಳು. ಗಿರಾಕಿಗಳಿಗೆ ವೈಫೈ ಕೊಡಲೇಬೇಕೆಂದಿದ್ದರೆ 5 ಗಿಗಾಹರ್ಟ್ಸ್ ಮಾತ್ರ ಇಟ್ಟು, ಡಬ್ಬಿಯನ್ನು ತಲೆಗಿಂತ ಮೇಲೆ ಕೂಡಿಸಿ. ಮೇಜಿನ ಕೆಳಗಿಟ್ಟರೆ ಮುಂದೆ ನಿಂತ ನಾಲ್ಕು ಜನರ ಮೈಯೇ ಅದನ್ನು ತಡೆಯುತ್ತದೆ.

ಇಷ್ಟೆಲ್ಲ ಮಾಡುವ ಮುಂಚೆ ಸಂಘಟಕರಿಗೆ ಒಂದು ಫೋನ್ ಹಚ್ಚಿ ಕೇಳಿ. ಕೆಲವು ಪ್ರದರ್ಶನಗಳಲ್ಲಿ ದುಡ್ಡು ಕೊಟ್ಟರೆ ಸ್ಟಾಲಿಗೆ ತಂತಿಯ ನೆಟ್ ಕೊಡುತ್ತಾರೆ. ಕೊಡುವುದಾದರೆ ನನ್ನ ಉತ್ತರ ಮಡಚಿಟ್ಟು ಅದನ್ನೇ ತೆಗೆದುಕೊಳ್ಳಿ. ಏನೇ ಆಗಲಿ, ಡ್ರಾಯಿಂಗ್‌ಗಳನ್ನು ಲ್ಯಾಪ್‌ಟಾಪಿನಲ್ಲೇ ತುಂಬಿಟ್ಟುಕೊಳ್ಳಿ, ಟೆಸ್ಟ್ ಬೆಂಚಿನ ಮೇಲೆ ವಾಲ್ವ್ ಒತ್ತಡ ತಡೆಯುವುದನ್ನು ಗೇಜಿನ ಮುಳ್ಳು ಕಾಣುವಂತೆ ವಿಡಿಯೊ ಮಾಡಿಟ್ಟುಕೊಳ್ಳಿ. ಪೆನ್‌ಡ್ರೈವ್‌ಗೆ ಟವರ್ ಬೇಡ.

ಪ್ರಶ್ನೆ: ಜಾತ್ರೆ, ಪ್ರದರ್ಶನಗಳಲ್ಲಿ ಮೊಬೈಲ್‌ನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತವೆ, ಆದರೂ ಒಂದು ಫೋಟೊ ಹೋಗುವುದಿಲ್ಲ. ಕಂಪನಿಯವರು ಬೇಕೆಂದೇ ಮಾಡುತ್ತಾರೆಯೇ?
— ಗೋಕಾಕದ ಓದುಗರು

ಉತ್ತರ: ಬೇಕೆಂದು ಮಾಡುವುದಿಲ್ಲ. ಟವರಿನ ದನಿ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಎಂಬುದನ್ನಷ್ಟೇ ಕಡ್ಡಿ ತೋರಿಸುತ್ತದೆ. ನಿಮ್ಮ ಸರದಿ ಯಾವಾಗ ಬರುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ. ಒಂದು ಟವರಿನ ಒಂದು ಮುಖಕ್ಕೆ ಇರುವ ಸಾಮರ್ಥ್ಯ ಅದರ ಕೆಳಗೆ ನಿಂತವರೆಲ್ಲರ ನಡುವೆ ಹಂಚಿಹೋಗಬೇಕು. ಸಾದಾ ದಿನ ಖಾಲಿ ಇರುವ ಮೈದಾನಕ್ಕೆ ಸಾವಿರಾರು ಜನ ಬಂದು ಎಲ್ಲರೂ ಒಟ್ಟಿಗೆ ವಿಡಿಯೊ ಕಳಿಸಲು ನಿಂತರೆ ಹೀಗೇ ಆಗುವುದು. ಸಾಲದ್ದಕ್ಕೆ ತಗಡಿನ ಮಂಟಪದೊಳಗೆ ಇದ್ದರೆ ಕಡ್ಡಿಯೂ ಇಳಿಯುತ್ತದೆ. ಎರಡು ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳುವುದು ಸುಲಭದ ಉಪಾಯ. ವಿಡಿಯೊ ಬದಲು ಬರಹದ ಸಂದೇಶ ಕಳಿಸಿ, ಅದು ಹೇಗೋ ನುಸುಳಿ ಹೋಗುತ್ತದೆ.

ಪ್ರಶ್ನೆ: ನಮ್ಮೂರ ಕೃಷಿ ಪ್ರದರ್ಶನದಲ್ಲಿ ಪಾರ್ಕಿಂಗ್, ಊಟದ ಸಾಲು ನೋಡಿಕೊಳ್ಳುವ ಸ್ವಯಂಸೇವಕರು ನಾವು. ಫೋನ್ ಹತ್ತುವುದಿಲ್ಲ. ಆನ್‌ಲೈನ್‌ನಲ್ಲಿ ಅಗ್ಗದ ವಾಕಿಟಾಕಿ ಸಿಗುತ್ತವೆ, ಹ್ಯಾಮ್ ಪಟ್ಟಿಯಲ್ಲೂ ಕೆಲಸ ಮಾಡುತ್ತವಂತೆ. ತರಿಸಬಹುದೇ?
— ನವನಗರ, ಬಾಗಲಕೋಟೆ

ಉತ್ತರ: ಯಾವ ಅಲೆಯಲ್ಲಿ ಬೇಕಾದರೂ ಒತ್ತಿ ಮಾತಾಡಬಹುದಾದ ಸೆಟ್ ತರಿಸಬೇಡಿ. ಅದನ್ನು ಹಿಡಿದು 'ಊಟ ಖಾಲಿ, ಇನ್ನೊಂದು ಬುಟ್ಟಿ ರೊಟ್ಟಿ ಕಳಸ್ರಿ' ಎಂದು ನೀವು ಕೂಗುವ ಜಾಗ ಪೊಲೀಸರದ್ದೋ ಆಂಬುಲೆನ್ಸ್‌ನವರದ್ದೋ ಆಗಿದ್ದರೆ ಗತಿ ಏನು? ಹ್ಯಾಮ್ ಪಟ್ಟಿಯಲ್ಲಿ ಮಾತಾಡಲು ಸೆಟ್ ಹಿಡಿದ ಪ್ರತಿಯೊಬ್ಬರಿಗೂ ಲೈಸೆನ್ಸ್ ಬೇಕು, ಗುಂಪಿನಲ್ಲಿ ಒಬ್ಬರಿಗಿದ್ದರೆ ಸಾಲದು.

ನಿಮಗಾಗಿಯೇ ಬೇರೆ ಪಟ್ಟಿ ಇದೆ. 446.0ರಿಂದ 446.2 ಮೆಗಾಹರ್ಟ್ಸ್ ವರೆಗೆ ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆ ಲೈಸೆನ್ಸ್ ಬೇಡ. ಆ ಪಟ್ಟಿಯಲ್ಲಿ ಮಾತ್ರ ಓಡುವ, ಒಪ್ಪಿಗೆ ಪಡೆದ ಸೆಟ್ಟೇ ಎಂದು ಖಾತ್ರಿ ಮಾಡಿಕೊಂಡು ಕೊಳ್ಳಿ. ಒಪ್ಪಿಗೆ ಇಲ್ಲದ ಸೆಟ್‌ಗಳನ್ನು ಆನ್‌ಲೈನ್ ಅಂಗಡಿಗಳು ಮಾರದಂತೆ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಇಂಥ ಸೆಟ್ ಬಯಲಿನಲ್ಲಿ ಒಂದು ಮೈದಾನಕ್ಕೆ ಧಾರಾಳ ಸಾಕು. ಮಾತಾಡುವಾಗ ಗುಂಡಿ ಒತ್ತಿ, ಒಂದು ಕ್ಷಣ ತಡೆದು ಶುರು ಮಾಡಿ. ಇಲ್ಲವಾದರೆ ಮೊದಲ ಶಬ್ದ ತಿಂದುಹೋಗಿ 'ಬೇಡ' ಎಂದದ್ದು ಹೋಗಿ, ಉಳಿದದ್ದಷ್ಟೇ ಕೇಳುತ್ತದೆ.

ಪ್ರಶ್ನೆ: ನಮ್ಮ ಎಂಜಿನಿಯರಿಂಗ್ ಕಾಲೇಜಿನ ತಾಂತ್ರಿಕ ಪ್ರದರ್ಶನದಲ್ಲಿ ಹ್ಯಾಮ್ ಸ್ಟಾಲ್ ಹಾಕುವ ಯೋಚನೆ ಇದೆ. ನಮ್ಮಲ್ಲಿ ಮೂವರಿಗೆ ಲೈಸೆನ್ಸ್ ಇದೆ, ಒಬ್ಬ ಉಪನ್ಯಾಸಕರಿಗೂ ಇದೆ. ಬರೀ 'ಹಲೋ ಹಲೋ' ಅಂದರೆ ಜನ ನಿಲ್ಲುವುದಿಲ್ಲ. ಏನು ತೋರಿಸಬೇಕು?
— ವಿದ್ಯಾರ್ಥಿಗಳು, ವಿಜಯಪುರ

ಉತ್ತರ: ಉದ್ಯಮಬಾಗದ ಅಳಿಯನಿಗೆ ಬೇಡ ಎಂದದ್ದನ್ನು ನೀವು ಮಾಡಿ ತೋರಿಸಬಹುದು, ಯಾಕೆಂದರೆ ನೀವು ಮಾರುವುದೇನೂ ಇಲ್ಲ. ಸ್ಟಾಲಿನಲ್ಲೊಂದು ಸೆಟ್, ಗ್ರಂಥಾಲಯದ ಕಟ್ಟಡದಲ್ಲೊಂದು ಸೆಟ್ ಇಡಿ. ಎರಡಕ್ಕೂ ಲ್ಯಾಪ್‌ಟಾಪ್ ಜೋಡಿಸಿ, ಡೈರ್‌ವುಲ್ಫ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಲ್ಯಾಪ್‌ಟಾಪಿನ ಸೌಂಡ್ ಕಾರ್ಡೇ ಮೋಡೆಮ್ ಆಗುತ್ತದೆ. ಲೈಸೆನ್ಸ್ ಇದ್ದವರು ಒಂದು ಸಾಲು ಬೆರಳಚ್ಚು ಮಾಡಲಿ, ಅದು ಆಚೆ ಮೂಡಲಿ. ಕಳಿಸುವ ಮಾತು ನಿಮ್ಮ ಪ್ರಯೋಗದ್ದೇ ಇರಲಿ, ನೋಡಲು ಬಂದವರ ಸಂದೇಶ ಒಯ್ಯಲು ಹೋಗಬೇಡಿ. ಮುಖ್ಯವಾಗಿ ಸೆಟ್ಟಿನ ಸ್ಪೀಕರ್ ಆರಿಸಬೇಡಿ. 1200 ಹರ್ಟ್ಸ್, 2200 ಹರ್ಟ್ಸ್ ಎಂದು ಎರಡು ಸ್ವರ ಹೇಳುತ್ತೇವಲ್ಲ, ಅವು ಕಿವಿಗೆ ಬೀಳುವ ಸ್ವರಗಳೇ. ಸೆಟ್ 'ಬ್ರ್ರಾಪ್' ಎಂದು ಒದರಿದಾಗ ಡೇಟಾ ಅಂದರೆ ಏನೆಂದು ಹಳ್ಳಿಯಿಂದ ಬಂದ ಹೈಸ್ಕೂಲ್ ಹುಡುಗನಿಗೂ ಗೊತ್ತಾಗುತ್ತದೆ. ನನ್ನ ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಆ ಸದ್ದು ಕೇಳಿಸಿದ ದಿನ ಪಕ್ಕದ ಸಿವಿಲ್ ಕ್ಲಾಸಿನವರೂ ಎದ್ದು ಬರುತ್ತಿದ್ದರು, ಅವರ ಮೇಷ್ಟ್ರು ನನ್ನ ಮೇಲೆ ಸಿಟ್ಟಾಗುತ್ತಿದ್ದರು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಇದೇ ತರಹದ ಪ್ಯಾಕೆಟ್ ಯಂತ್ರ ಇದೆ, 145.825 ಮೆಗಾಹರ್ಟ್ಸ್‌ನಲ್ಲಿ. ಅದು ಚಾಲೂ ಇರುವಾಗ ನಿಲ್ದಾಣ ತಲೆಯ ಮೇಲೆ ದಾಟಿದರೆ ಹತ್ತು ನಿಮಿಷದೊಳಗೆ ಮುಗಿದುಹೋಗುತ್ತದೆ. ದಾಟುವ ಸಮಯ ಮೊದಲೇ ನೋಡಿಟ್ಟು ಬೋರ್ಡ್ ಬರೆದು ಹಾಕಿ, ಜನ ಕಾಯುತ್ತಾರೆ.

ನನ್ನ ಮೆಚ್ಚಿನದು ಬೇರೆ. ಕತಾರ್ ದೇಶದ ಎಸ್‌ಹೈಲ್-2 ಉಪಗ್ರಹ 2018ರ ನವೆಂಬರಿನಲ್ಲಿ ಹಾರಿತು. ಅದರ ಮೇಲೆ ಹವ್ಯಾಸಿಗಳಿಗೆಂದೇ ಕೂಡಿಸಿದ ಭಾಗಕ್ಕೆ ಕ್ಯುಒ-100 ಎಂದು ಹೆಸರು. ಅದು ಭೂಮಿಯ ಜೊತೆಗೇ ತಿರುಗುವುದರಿಂದ ಆಕಾಶದಲ್ಲಿ ಒಂದೇ ಕಡೆ ಇರುತ್ತದೆ, ದಾಟುವ ಗಡಿಬಿಡಿ ಇಲ್ಲ. ಯುರೋಪಿನ, ಆಫ್ರಿಕದ ಹ್ಯಾಮ್‌ಗಳ ದನಿ 10489 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಇಳಿಯುತ್ತದೆ. ಹಳೆಯ ಡಿಟಿಎಚ್ ತಟ್ಟೆ, ಅದರ ಮುಂದಿರುವ ಎಲ್‌ಎನ್‌ಬಿ ಎಂಬ ಡಬ್ಬಿ, ಲ್ಯಾಪ್‌ಟಾಪನ್ನೇ ರೇಡಿಯೊ ಮಾಡುವ ಒಂದು ಯುಎಸ್‌ಬಿ ಎಸ್‌ಡಿಆರ್ ಕಡ್ಡಿ ಇದ್ದರೆ ಕೇಳಿಸಿಕೊಳ್ಳಬಹುದು. ತಟ್ಟೆಯನ್ನು ಟಿವಿಗೆ ಇಟ್ಟ ದಿಕ್ಕಿನಲ್ಲಿಟ್ಟರೆ ಏನೂ ಸಿಗದು. ಈ ಉಪಗ್ರಹ ಇರುವುದು 25.9 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ವಿಜಯಪುರಕ್ಕೆ ಅದು ಪಡುವಣ ದಿಕ್ಕು. ಪಶ್ಚಿಮದಿಂದ ಸ್ವಲ್ಪವೇ ದಕ್ಷಿಣಕ್ಕೆ, ದಿಗಂತದಿಂದ ಮೂವತ್ತು ಡಿಗ್ರಿ ಮೇಲೆ. ಆ ಕಡೆ ಹಾಸ್ಟೆಲ್ ಕಟ್ಟಡ ಅಡ್ಡ ಇಲ್ಲವೆಂದು ನೋಡಿಕೊಂಡೇ ಸ್ಟಾಲಿನ ಜಾಗ ಹಿಡಿಯಿರಿ.

ಎರಡು ಎಚ್ಚರಿಕೆ. ಸ್ಟಾಲಿನ ಎಲ್‌ಇಡಿ ದೀಪಗಳು, ಅಗ್ಗದ ಚಾರ್ಜರ್‌ಗಳು, ಪಕ್ಕದ ಸ್ಟಾಲಿನ ಮೋಟಾರ್ ಡ್ರೈವ್‌ಗಳು 7 ಮೆಗಾಹರ್ಟ್ಸ್‌ನಂಥ ಕೆಳಗಿನ ಅಲೆಗಳಲ್ಲಿ ಭಾರೀ ಗದ್ದಲ ಎಬ್ಬಿಸುತ್ತವೆ. ಸೆಟ್ಟಿಗೆ 12 ವೋಲ್ಟ್ ಬ್ಯಾಟರಿಯನ್ನೇ ಕೊಟ್ಟು, ಆಂಟೆನಾವನ್ನು ಮಂಟಪದಿಂದ ದೂರ, ಮರಕ್ಕೋ ತಾರಸಿಗೋ ಒಯ್ಯಿರಿ. ಇನ್ನೊಂದು, ಲೈಸೆನ್ಸಿನಲ್ಲಿ ಬರೆದ ವಿಳಾಸ ಬಿಟ್ಟು ಪ್ರದರ್ಶನದ ಜಾಗದಲ್ಲಿ ಸ್ಟೇಷನ್ ಹೂಡಬೇಕಾದರೆ ರೇಡಿಯೊ ಲೈಸೆನ್ಸ್ ಕೊಡುವ ದೆಹಲಿಯ ಡಬ್ಲ್ಯುಪಿಸಿ ವಿಭಾಗಕ್ಕೆ ಮುಂಚಿತವಾಗಿ ಬರೆದು ಅನುಮತಿ ಪಡೆಯಿರಿ. ವಿಶೇಷ ಸಂದರ್ಭಗಳಿಗೆ ಎಟಿ, ಎಯು ಎಂದು ಶುರುವಾಗುವ ಕಾಲ್‌ಸೈನ್, ಅಂದರೆ ಸ್ಟೇಷನ್ನಿನ ಗುರುತಿನ ಹೆಸರು, ಕೊಡುವುದೂ ಉಂಟು. ಅದಕ್ಕೆ ಸಮಯ ಹಿಡಿಯುತ್ತದೆ, ಅರ್ಜಿ ಈ ವಾರವೇ ಹೋಗಲಿ.

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು, ಹದಿಮೂರು ವರ್ಷ. ಅವಳಿಗೆ ಹ್ಯಾಮ್ ಪರೀಕ್ಷೆ ಬರೆಯಬೇಕಂತೆ. ಇಷ್ಟು ಸಣ್ಣವರಿಗೆ ಬಿಡುತ್ತಾರೆಯೇ ಅಕ್ಕೋರೆ?
— ಒಬ್ಬ ತಾಯಿ, ಅಥಣಿ

ಉತ್ತರ: ಹನ್ನೆರಡು ತುಂಬಿದರೆ ಸಾಕು, ಬರೆಸಿ. ಎರಡು ದರ್ಜೆ ಇವೆ. ರಿಸ್ಟ್ರಿಕ್ಟೆಡ್ ದರ್ಜೆಗೆ ಬರವಣಿಗೆ ಪರೀಕ್ಷೆ ಮಾತ್ರ. ಅರ್ಧ ರೇಡಿಯೊ ವಿಜ್ಞಾನ, ಅರ್ಧ ನಿಯಮ. ಜನರಲ್ ದರ್ಜೆಗೆ ಚುಕ್ಕೆ-ಗೆರೆಯ ಮೋರ್ಸ್ ಸಂಕೇತ ಕೂಡ ಬರಬೇಕು. ರಿಸ್ಟ್ರಿಕ್ಟೆಡ್‌ನಿಂದಲೇ ಶುರು ಮಾಡಲಿ. ಓಮ್ ನಿಯಮ, ಕೆಪಾಸಿಟರ್, ಆಂಟೆನಾ ಉದ್ದದ ಲೆಕ್ಕ ಅವಳಿಗೆ ಹೊಸದಾದರೂ ಕಷ್ಟವಾಗದು. ಹುಡುಗರು ನಪಾಸಾಗುವುದು ನಿಯಮದ ಭಾಗದಲ್ಲಿ, ಅದನ್ನು ಕೊನೆಗೆ ಓದಿದರಾಯಿತೆಂದು ಬಿಡುತ್ತಾರಾದ್ದರಿಂದ. ಅರ್ಜಿ ಕೇಂದ್ರ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಜನ್ಮದಿನಾಂಕದ ದಾಖಲೆ, ಫೋಟೊ ತಯಾರಿಟ್ಟುಕೊಂಡು ಕೂಡಿ. ಆಧಾರ್‌ನಲ್ಲೂ ಶಾಲೆಯ ದಾಖಲೆಯಲ್ಲೂ ಅವಳ ಹೆಸರಿನ ಅಕ್ಷರ ಒಂದೇ ತರಹ ಇವೆಯೇ ಎಂದು ಮೊದಲು ನೋಡಿ.